ತಲೆಯೊಳಗಿನ ಗೋಡೌನು

ಶ್ರೀನಿವಾಸಪ್ಪನವರಿಗೆ ಅರವತ್ತೇಳು ತುಂಬಿದ ವರ್ಷ, ಅವರ ತಲೆಯ ಬಗ್ಗೆ ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಚಿಂತೆ ಹತ್ತಿದ್ದು ಒಬ್ಬರಿಗೆ ಮಾತ್ರ, ಸ್ವತಃ ಶ್ರೀನಿವಾಸಪ್ಪನವರಿಗೆ. ಉಳಿದವರೆಲ್ಲ ಅದು ಚೆನ್ನಾಗಿಯೇ ಇದೆ ಎಂದುಕೊಂಡಿದ್ದರು. ಅವರ ಹೆಂಡತಿ ಗಂಗರತ್ನಮ್ಮನಂತೂ, ಅದು ಇನ್ನೊಂದಿಷ್ಟು ಕಮ್ಮಿ ಓಡಿದರೆ ಮನೆಗೆ ನೆಮ್ಮದಿ ಎಂದು ನೆರೆಯವರ ಮುಂದೆ ಹೇಳಿದ್ದೂ ಉಂಟು.

ಚಿಂತೆಗೆ ಕಾರಣವಿತ್ತು. ಅವರ ಬಳಗದ ಮದುವೆಗಳಲ್ಲಿ ಧಾರೆ ಮುಗಿದ ಮೇಲೆ ತಾಂಬೂಲ ಕೂಗುವ ಪದ್ಧತಿ. ಹಿರಿಯನೊಬ್ಬ ಚಪ್ಪರದ ನಡುವೆ ಹಿತ್ತಾಳೆ ತಟ್ಟೆ ಹಿಡಿದು ನಿಲ್ಲಬೇಕು. ಮೊದಲು ದೇವರಿಗೆ, ಆಮೇಲೆ ಊರಿಗೆ, ಆಮೇಲೆ ಬಳಗದ ಒಂದೊಂದೇ ಮನೆಯ ಯಜಮಾನನನ್ನು ಹಿರಿತನದ ಸರದಿಯಲ್ಲಿ ಹೆಸರು ಹಿಡಿದು ಕೂಗಿ ಎಲೆ ಅಡಿಕೆ ಕೊಡಬೇಕು. ಚೀಟಿ ನೋಡುವಂತಿಲ್ಲ. ಹಿಂದೆ ಬರಬೇಕಾದ ಮನೆ ಮುಂದೆ ಬಂದರೆ, ಮುಂದೆ ಬರಬೇಕಾದವರು ಊಟ ಬಿಟ್ಟು ಬಸ್ಸು ಹತ್ತುತ್ತಾರೆ. ಕೂಗುವವನು ತಪ್ಪಿದರೆ ತಟ್ಟೆ ಕೈ ಬಿಟ್ಟಂತೆಯೇ; ಮತ್ತೆ ಸಿಗುವುದಿಲ್ಲ.

ಶ್ರೀನಿವಾಸಪ್ಪನವರ ತಂದೆಯೂ ಕೂಗುತ್ತಿದ್ದವರೇ. ಕೊನೆಗಾಲದಲ್ಲಿ ಅರಳುಮರಳಾಗಿ, ತಟ್ಟೆ ಹಿಡಿದುಕೊಂಡು ಮದುಮಗನನ್ನೇ "ನೀನ್ಯಾರ ಮಗನಪ್ಪಾ?" ಎಂದು ಕೇಳಿದ್ದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತ್ತು. ತಟ್ಟೆ ದಾಯಾದಿಗಳ ಮನೆಗೆ ಹೋಗದ ಹಾಗೆ ಮಗ ಶ್ರೀನಿವಾಸಪ್ಪನೇ ನುಗ್ಗಿ ಹಿಡಿದುಕೊಂಡಿದ್ದ. ಅವತ್ತಿನ ನಗು ಇವತ್ತಿಗೂ ಶ್ರೀನಿವಾಸಪ್ಪನವರ ಕಿವಿಯಲ್ಲಿತ್ತು. ಅದನ್ನು ಮರೆಯಲು ದಾಯಾದಿ ಅಪ್ಪಾಜಪ್ಪ ಬಿಡುತ್ತಲೂ ಇರಲಿಲ್ಲ. ಪ್ರತಿ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂತು, ಇವರು ಕೂಗುವಾಗ ತಾನೂ ತುಟಿ ಅಲ್ಲಾಡಿಸುತ್ತಾ, ಇವತ್ತಾದರೂ ತಪ್ಪಲಿ ಎಂದು ಬಹಳ ಭಕ್ತಿಯಿಂದ ಕಾಯುತ್ತಿದ್ದ.

ಹೀಗಿರುವಾಗ ಎಂಬತ್ತೆರಡನೇ ಇಸವಿಯ ದಸರಾದ ಹೊತ್ತಿಗೆ ಒಂದು ಬೆಳಿಗ್ಗೆ ಶ್ರೀನಿವಾಸಪ್ಪನವರು ಹಿತ್ತಿಲಿಗೆ ಹೋಗಿ, ಯಾಕೆ ಬಂದೆನೆಂಬುದನ್ನೇ ಮರೆತು ನಿಂತುಬಿಟ್ಟರು. ಹಿತ್ತಿಲಿಗೆ ಹೋಗಲು ಮನುಷ್ಯನಿಗೆ ಇರುವ ಕಾರಣಗಳು ಹೆಚ್ಚೇನಲ್ಲ. ಅಷ್ಟರಲ್ಲೂ ಒಂದು ಹೊಳೆಯಲಿಲ್ಲವೆಂದ ಮೇಲೆ ಅಪ್ಪನ ರೋಗ ತನಗೂ ಬಂತೆಂದು ಅವರಿಗೆ ಖಾತ್ರಿಯಾಯಿತು. ಬರುವ ವೈಶಾಖಕ್ಕೆ ಬಳಗದಲ್ಲಿ ಮದುವೆಯೊಂದು ಬೇರೆ ನಿಶ್ಚಯವಾಗಿತ್ತು.

ಮಾರನೆಯ ದಿನವೇ ಕೋಲಾರಕ್ಕೆ ಹೋದರು. ಡಾಕ್ಟರ ಬಳಿಗೇ ಹೊರಟಿದ್ದರು, ಆದರೆ ಜ್ಞಾನ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿಬಿಟ್ಟಿತು. ಕೋಟು ತೊಟ್ಟು ಟವಲ್ಲು ಸುತ್ತಿದ್ದ ಒಬ್ಬಾತ ಡಬ್ಬಿಗಳನ್ನು ಹರಡಿಕೊಂಡು ಭಾಷಣ ಮಾಡುತ್ತಿದ್ದ. ತನ್ನನ್ನು ತಾನೇ ಪ್ರೊಫೆಸರ್ ಎಂದು ಕರೆದುಕೊಳ್ಳುತ್ತಿದ್ದ. ಕರೆಯುವವರು ಬೇರೆ ಯಾರೂ ಇರಲಿಲ್ಲ.

"ತಲೆ ಅಂದ್ರೆ ಏನ್ ಸ್ವಾಮಿ? ಗೋಡೌನು! ಹಿಡಿಯೋಷ್ಟೇ ಹಿಡಿಯೋದು. ವಯಸ್ಸಾದ್ಮೇಲೆ ಗೋಡೌನು ಭರ್ತಿ. ಹೊಸ ಮೂಟೆ ಒಂದು ಒಳಗೆ ಹಾಕಿದ್ರೆ ಹಳೇ ಮೂಟೆ ಒಂದು ಹಿಂದಿನ ಬಾಗಿಲಲ್ಲಿ ಉರುಳ್ಕೊಂಡು ಹೋಗ್ತದೆ. ಅದನ್ನೇ ಮರೆವು ಅನ್ನೋದು!"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಸ್ಸು ಹತ್ತುತ್ತಿದ್ದರು. ಆದರೆ ಶ್ರೀನಿವಾಸಪ್ಪನವರು ಮೂವತ್ತು ವರ್ಷ ಸೊಸೈಟಿ ಕಾರ್ಯದರ್ಶಿಯಾಗಿ ಗೊಬ್ಬರದ ಗೋಡೌನಿನ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದವರು. ಗೋಡೌನು ಭರ್ತಿಯಾದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲೇಹ್ಯದ ಡಬ್ಬಿ ಕೊಂಡು ಊರಿಗೆ ಬಂದವರೇ ತಲೆಯ ಬಾಗಿಲಿಗೆ ಬೀಗ ಹಾಕಿದರು.

ಹಿಂದೆ ರೇಷ್ಮೆ ಹುಳ ಸಾಕುತ್ತಿದ್ದ ಕೋಣೆ ಖಾಲಿ ಬಿದ್ದಿತ್ತು. ಅದರೊಳಗೆ ಸೇರಿಕೊಂಡರು. ಪೇಪರು ಬೇಡ, ರೇಡಿಯೋ ಬೇಡ. ಸಾವು, ನೋವು, ಬಾಣಂತನ, ಭಾಗ ಆದದ್ದು, ಕೋರ್ಟಿಗೆ ಹೋದದ್ದು, ಯಾವುದನ್ನೂ ತನಗೆ ಹೇಳಕೂಡದು. ಕಿವಿಗೆ ಹತ್ತಿ. ಬೆಳಿಗ್ಗೆ ನೆನೆಸಿದ ಬಾದಾಮಿ, ಲೇಹ್ಯ, ಬುದ್ಧಿ ಚುರುಕಾಗಲು ಒಂದೆಲಗದ ಚಟ್ನಿ. ಉಳಿದ ಹೊತ್ತೆಲ್ಲ ಗೋಡೆಗೆ ಮುಖ ಮಾಡಿ ತಾಂಬೂಲದ ಹೆಸರುಗಳ ಪಾರಾಯಣ.

"ಒಂದೆಲಗ ಎಲ್ಲಿಂದ ತರ್ಲಿ? ನಮ್ಮ ಕೆರೆ ಒಣಗಿ ಹುಡುಗ್ರು ಗೋಲಿ ಆಡ್ತಾವ್ರೆ" ಎಂದರು ಗಂಗರತ್ನಮ್ಮ.

"ಎಲ್ಲಿಂದಾದ್ರೂ ತಾ. ಎಲ್ಲಿಂದ ತಂದೆ ಅಂತ ಮಾತ್ರ ನನಗೆ ಹೇಳ್ಬೇಡ. ಅದೊಂದು ಮೂಟೆ ಯಾಕೆ?"

ಸ್ವಲ್ಪ ದಿನದಲ್ಲೇ ಚಟ್ನಿ ತಟ್ಟೆಗೆ ಬಂತು. ಅವರು ತಿಂದರು, ಕೇಳಲಿಲ್ಲ.

ಈ ವ್ಯವಸ್ಥೆಯಿಂದ ಹೊರಗೆ ಬಿದ್ದವನು ನಂಗಲಿಯ ಮುನಿಶಾಮಿ. ಬಳಗದವನೇ, ಓರಗೆಯವನು, ಚಿಕ್ಕಂದಿನ ಸ್ನೇಹಿತ. ನಂಗಲಿಯ ರಸ್ತೆ ಬದಿಯಲ್ಲಿ ಲಾರಿ ಡ್ರೈವರುಗಳಿಗೆ ಹೋಟೆಲಿಟ್ಟು, ಈಗ ಅದನ್ನು ಮಗ ನರಸಿಂಹಪ್ಪನಿಗೆ ಬಿಟ್ಟಿದ್ದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಆಂಜನೇಯನ ಗುಡಿಯ ಮುಂದಿನ ಚಪ್ಪಡಿಯ ಮೇಲೆ ಶ್ರೀನಿವಾಸಪ್ಪನವರ ಜೊತೆ ಆಡು-ಹುಲಿ ಆಡುತ್ತಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದೊಂದು ಕಲ್ಲು ನಡೆಸುವಾಗಲೂ ಒಂದೊಂದು ಸುದ್ದಿ: ಯಾರ ಮನೆ ಭಾಗವಾಯಿತು, ಯಾವ ಯಜಮಾನ ಹಾಸಿಗೆ ಹಿಡಿದ, ಯಾರ ಮಗ ಬೇರೆ ಒಲೆ ಹೂಡಿದ. ತಾಂಬೂಲದ ಸರದಿ ಅಷ್ಟು ವರ್ಷ ತಪ್ಪದೆ ಬಂದದ್ದು ಈ ಕಟ್ಟೆಯ ಹರಟೆಯಿಂದ. ಶ್ರೀನಿವಾಸಪ್ಪನವರು ಮಾತ್ರ ಅದು ತಮ್ಮ ತಲೆಯ ಹೆಚ್ಚುಗಾರಿಕೆ ಎಂದೇ ನಂಬಿದ್ದರು.

ಕೋಣೆ ಸೇರಿದ ಮೇಲೆ ಮುನಿಶಾಮಿ ಬಂದು ಕಿಟಕಿಯ ಹತ್ತಿರ ನಿಂತು, ಎಂದಿನಂತೆ ತೆಲುಗಿನಲ್ಲೇ ಕ್ಷೇಮ ಕೇಳಿದ.

"ಏಮಿರಾ ಶೀನಾ, ಬಾಗುನ್ನಾವಾ? ಬಾರೋ, ಒಂದಾಟ ಹಾಕೋಣ. ಶ್ರೀನಿವಾಸಪುರದಲ್ಲಿ ಏನಾಯ್ತು ಗೊತ್ತಾ?"

"ಹೇಳ್ಬೇಡ!" ಎಂದು ಶ್ರೀನಿವಾಸಪ್ಪನವರು ಕೂಗಿಕೊಂಡರು. "ನಿನ್ನ ಬಾಯಿ ಅಂದ್ರೆ ಲೋಡು ತುಂಬಿದ ಲಾರಿ ಕಣೋ. ನನ್ನ ತಲೇಲಿ ಜಾಗ ಇಲ್ಲ. ವೈಶಾಖದ ಮದುವೆ ಮುಗೀಲಿ, ಆಮೇಲೆ ಬಾ."

ಮುನಿಶಾಮಿ ನಕ್ಕ. "ಲೇ, ತಲೆ ಏನು ಉಪ್ಪಿನಕಾಯಿ ಜಾಡಿನೇನೋ, ಬಾಯಿಗೆ ಬಟ್ಟೆ ಕಟ್ಟಿ ಇಡೋಕೆ?" ಎಂದ. ಒಳಗೆ ಪಾರಾಯಣ ಮತ್ತೆ ಶುರುವಾಯಿತು. ಆಮೇಲೂ ಅವನು ಬರುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಗಂಗರತ್ನಮ್ಮನ ಜೊತೆ ಮಾತಾಡಿ, ಮಜ್ಜಿಗೆ ಕುಡಿದು ಹೊರಟುಹೋಗುತ್ತಿದ್ದ. ಅವನ ದನಿ ಹತ್ತಿಯ ಒಳಗಿನಿಂದಲೂ ಕೇಳಿಸಿದರೆ ಶ್ರೀನಿವಾಸಪ್ಪನವರು ಇನ್ನಷ್ಟು ಹತ್ತಿ ತುರುಕಿಕೊಳ್ಳುತ್ತಿದ್ದರು.

ಚಳಿಗಾಲ ಹೀಗೆ ಕಳೆಯಿತು. ಬೆಂಗಳೂರಿನಲ್ಲಿ ಸರ್ಕಾರವೇ ಬದಲಾಯಿತು. ಶ್ರೀನಿವಾಸಪ್ಪನವರ ಗೋಡೌನಿನಲ್ಲಿ ಹಳೆಯ ಸರ್ಕಾರವೇ ಭದ್ರವಾಗಿ ಆಳುತ್ತಿತ್ತು.

ಶಿವರಾತ್ರಿಯ ಹಿಂದಿನ ದಿನ ಗಂಗರತ್ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ಹೊರಗೆ ಹೋಗುವ ಸೀರೆ, ಕಣ್ಣು ಕೆಂಪಗೆ. "ರೀ" ಎಂದರು. ಇವರು ಪಾರಾಯಣದ ನಡುವಿನಲ್ಲಿದ್ದರು. ಕೈ ಎತ್ತಿ ತಡೆದರು. "ಒಂದ್ ನಿಮಿಷ ಹತ್ತಿ ತೆಗೀರಿ, ದೊಡ್ಡ ವಿಷಯ" ಎಂದರು ಆಕೆ. ಇವರು ಕೈಯನ್ನು ಇನ್ನೂ ಮೇಲೆತ್ತಿ ಗೋಡೆಯ ಕಡೆ ತಿರುಗಿದರು. ಆಕೆ ಅಲ್ಲೇ ನಿಂತರು. ಇವರು ಕೈ ಇಳಿಸಲಿಲ್ಲ. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಆಕೆ ಬಸ್ಸಿಗೆ ಹೊರಟರು.

ಸಂಜೆ ವಾಪಸು ಬಂದವರು ಮನೆಯೊಳಗೆ ಕಾಲಿಡದೆ ಹಿತ್ತಿಲಲ್ಲೇ ತಲೆಗೆ ನೀರು ಹುಯ್ದುಕೊಂಡರು. ಹೊತ್ತಲ್ಲದ ಹೊತ್ತಿನಲ್ಲಿ ತಲೆಸ್ನಾನ ಮಾಡುವ ಹೆಂಗಸನ್ನು ಕಿಟಕಿಯಿಂದ ನೋಡಿ ಶ್ರೀನಿವಾಸಪ್ಪನವರು, ಪಾಪ, ಇವಳಿಗೂ ಅರಳುಮರಳು ಶುರುವಾಯಿತು, ಬಾದಾಮಿ ಇವಳಿಗೂ ಕೊಡಬೇಕು ಎಂದುಕೊಂಡರು.

ಆಮೇಲೆ ತಟ್ಟೆಯಲ್ಲಿ ಚಟ್ನಿ ಕಾಣಲಿಲ್ಲ.

"ಒಂದೆಲಗ ಎಲ್ಲೇ?" ಎಂದು ಕೇಳಿದರು.

"ತರೋರಿಲ್ಲ" ಎಂದರು ಗಂಗರತ್ನಮ್ಮ, ಅವರ ಮುಖವನ್ನೇ ನೋಡುತ್ತಾ. ಈಗಲಾದರೂ ಯಾಕೆ ಎಂದು ಕೇಳುತ್ತಾರೇನೋ ಎಂದು ಕಾದರು.

"ಸರಿ, ಬಾದಾಮಿ ಎರಡು ಜಾಸ್ತಿ ಹಾಕು" ಎಂದರು ಶ್ರೀನಿವಾಸಪ್ಪನವರು.

ಅವತ್ತಿನಿಂದ ಗಂಗರತ್ನಮ್ಮನೂ ಮಾತು ಬಿಟ್ಟರು. ಮನೆಯಲ್ಲಿ ಇಷ್ಟು ನಿಶ್ಶಬ್ದ ಹಿಂದೆಂದೂ ಇರಲಿಲ್ಲ, ಲೇಹ್ಯ ಕೆಲಸ ಮಾಡುತ್ತಿದೆ ಎಂದು ಯಜಮಾನರಿಗೆ ಖುಷಿಯಾಯಿತು.

ವೈಶಾಖದಲ್ಲಿ ಶ್ರೀನಿವಾಸಪುರದ ಛತ್ರದಲ್ಲಿ ಮದುವೆ. ಗಂಗರತ್ನಮ್ಮ ಅಡುಗೆಯ ಮೇಲ್ವಿಚಾರಣೆಗೆಂದು ಎರಡು ದಿನ ಮೊದಲೇ ಹೋಗಿದ್ದರು. ಶ್ರೀನಿವಾಸಪ್ಪನವರು ಬಸ್ಸಿನಲ್ಲೂ ಹತ್ತಿ ತೆಗೆಯದೆ, ಯಾರ ಮುಖವನ್ನೂ ನೋಡದೆ, ತುಳುಕುವ ಕೊಡ ಹೊತ್ತವರ ಹಾಗೆ ತಲೆಯನ್ನು ನೆಟ್ಟಗೆ ಹಿಡಿದುಕೊಂಡು ನೇರ ಧಾರೆಯ ಹೊತ್ತಿಗೆ ಬಂದರು. ಮಾತಾಡಿಸಲು ಬಂದವರಿಗೆಲ್ಲ ಕೈ ಮುಗಿದು ಮುಂದೆ ಹೋದರು. ತಟ್ಟೆ ಕೈಗೆ ಬಂದಾಗ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು.

ಕೂಗಿದರು ನೋಡಿ! ದೇವರು, ಊರು, ಆಮೇಲೆ ಮನೆ ಮೇಲೆ ಮನೆ. ಎಲ್ಲೂ ತಡವರಿಸಲಿಲ್ಲ. ಒಂದೊಂದು ಹೆಸರಿಗೂ ನಾದಸ್ವರದವನು ಒಂದೊಂದು ಉಸಿರು ಊದುತ್ತಿದ್ದ. ಮುಂದಿನ ಸಾಲಿನಲ್ಲಿ ಅಪ್ಪಾಜಪ್ಪನ ತುಟಿ ಅಲ್ಲಾಡುವುದನ್ನೇ ನಿಲ್ಲಿಸಿತು. ಶ್ರೀನಿವಾಸಪ್ಪನವರಿಗೆ ಅಪ್ಪನ ಮೇಲೆ ನಕ್ಕವರೆಲ್ಲ ಎದ್ದು ನಿಂತು ಕೈ ಮುಗಿದಂತೆ ಅನ್ನಿಸಿತು.

"ನಂಗಲಿ ಮುನಿಶಾಮಿಯವರು! ಬಂದು ತಾಂಬೂಲ ತಗೋಬೇಕು!"

ನಾದಸ್ವರದವನು ಊದಲಿಲ್ಲ. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡ. ಹೆಂಗಸರ ಕಡೆಯಿಂದ "ಅಯ್ಯೋ" ಎಂಬ ಸದ್ದೊಂದು ಬಂತು.

"ಎಲ್ಲಿ ಅವನು?" ಎಂದು ಶ್ರೀನಿವಾಸಪ್ಪನವರು ನಗುತ್ತಾ ಸುತ್ತ ನೋಡಿದರು. "ನನ್ನ ಮೇಲೆ ಮುನಿಸ್ಕೊಂಡು ಎಲ್ಲೋ ಹಿಂದೆ ಕೂತವ್ನೆ. ಏಯ್ ನರಸಿಂಹ, ನಿಮ್ಮಪ್ಪನ್ನ ಕರ್ಕೊಂಡು ಬಾರೋ."

ನರಸಿಂಹಪ್ಪ ಕಂಬದ ಹತ್ತಿರದಿಂದ ಎದ್ದ. ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಬಾಚಣಿಗೆಗೆ ಸಿಗುವಷ್ಟು ಬೆಳೆದಿರಲಿಲ್ಲ.

"ದೊಡ್ಡಪ್ಪ," ಎಂದ ಮೆಲ್ಲಗೆ, "ಅಪ್ಪ ಶಿವರಾತ್ರಿ ಹಿಂದಿನ ದಿನ ಹೋಗ್ಬಿಟ್ಟ."

"ಶುಭಕಾರ್ಯದಲ್ಲಿ ಸತ್ತೋರನ್ನ ತಾಂಬೂಲಕ್ಕೆ ಕರೀತವ್ನಲ್ಲಪ್ಪಾ!" ಎಂದು ಅಪ್ಪಾಜಪ್ಪ ಎಲ್ಲರಿಗೂ ಕೇಳಿಸುವಂತೆ ದುಃಖಪಟ್ಟ. ಮದುಮಗಳ ಅಜ್ಜಿ ಅಳಲು ಶುರುಮಾಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಶ್ರೀನಿವಾಸಪ್ಪನವರಿಗೆ ಅನ್ನಿಸಿತು. ಅವರು ತಟ್ಟೆಯನ್ನು ತಾವೇ ಅಪ್ಪಾಜಪ್ಪನ ಕೈಗೆ ಕೊಟ್ಟು ಹೊರಗೆ ನಡೆದರು. ಅಪ್ಪಾಜಪ್ಪ ಗಂಟಲು ಸರಿಮಾಡಿಕೊಂಡು ಮೊದಲು ತನ್ನ ಮನೆಯ ಹೆಸರನ್ನೇ ಕೂಗಿದ. ಒಳಗೆ ಜಗಳ ಹತ್ತಿತು. ಅದು ಅವರ ಕಿವಿಗೆ ಬೀಳಲಿಲ್ಲ, ಹತ್ತಿ ಇಲ್ಲದಿದ್ದರೂ.

ಕೈ ತೊಳೆಯುವ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದವರ ಹತ್ತಿರ ಗಂಗರತ್ನಮ್ಮ ಬಂದು ನಿಂತರು.

"ನನಗ್ಯಾಕೆ ಹೇಳ್ಲಿಲ್ವೇ?"

"ಬಾಗಿಲಲ್ಲಿ ನಿಂತಿದ್ದೆ. ಕೈ ಎತ್ತಿದ್ರಿ."

ಶ್ರೀನಿವಾಸಪ್ಪನವರ ನೆನಪು ಅವತ್ತು ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹೊರಗೆ ಹೋಗುವ ಸೀರೆ, ಕೆಂಪು ಕಣ್ಣು, ಹಿತ್ತಿಲಲ್ಲಿ ತಲೆಗೆ ಹುಯ್ದುಕೊಂಡ ನೀರು, ಒಂದೂ ಬಿಡದೆ ಸರದಿಯ ಪ್ರಕಾರ ಬಂದವು.

ನರಸಿಂಹಪ್ಪ ಅವರನ್ನು ಹುಡುಕಿಕೊಂಡು ಬಂದ. ಕೋಪವಿರಲಿಲ್ಲ ಅವನಿಗೆ. ಪಕ್ಕದಲ್ಲಿ ಕೂತ.

"ಬೇಜಾರು ಮಾಡ್ಕೋಬೇಡ ದೊಡ್ಡಪ್ಪ. ಸೊಪ್ಪು ಬೇಕಾದ್ರೆ ಇನ್ಮೇಲೆ ನಾನೇ ತಂದ್ಕೊಡ್ತೀನಿ. ಅಪ್ಪ ಕೊನೇ ಎರಡು ದಿನ ಹಾಸಿಗೆ ಹಿಡಿದಾಗ್ಲೂ ಶೀನಂಗೆ ಕೊಟ್ಟು ಬಾ ಅಂತಿದ್ದ, ನನಗೆ ಹೋಟೆಲ್ ಬಿಟ್ಟು ಬರೋಕಾಗ್ಲಿಲ್ಲ."

"ಯಾವ ಸೊಪ್ಪು?" ಎಂದರು ಶ್ರೀನಿವಾಸಪ್ಪನವರು. ಕೇಳುವಾಗಲೇ ಅವರಿಗೆ ಗೊತ್ತಾಗಿಹೋಗಿತ್ತು.

"ಸರಸ್ವತಾಕು, ಅದೇ ನಿಮ್ಮ ಒಂದೆಲಗ. ನಮ್ಮ ಕೆರೆ ಕಾಲುವೇಲಿ ಕೆಸರಿಗಿಳಿದು ಕಿತ್ಕೊಂಡು ಬರ್ತಿದ್ದ. ಶೀನಂಗೆ ಮರೆವು ಬಂದ್ರೆ ನನ್ನ ಹೆಸರು ಕೂಗೋರು ಯಾರು, ಅಂತಿದ್ದ."

ಶ್ರೀನಿವಾಸಪ್ಪನವರು ಜೇಬಿನಿಂದ ಕರವಸ್ತ್ರ ತೆಗೆಯಹೋದರು. ಕೈಗೆ ಬಂದದ್ದು ಕಿವಿಯ ಹತ್ತಿ. ಅದರಿಂದಲೇ ಕಣ್ಣೊರೆಸಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತರು. ಒಳಗೆ ಎಲೆ ಹಾಕಿದ್ದರು, ಊಟಕ್ಕೆ ಏಳಿ ಎಂದು ಯಾರೋ ಕರೆಯುತ್ತಿದ್ದರು.