ಕವಳಿಕಾಯಿ ಇಲ್ಲದ ಮೂಲೆ

ಅನ್ನಮ್ಮ ಒಂದೊಂದೇ ತತ್ತಿಯನ್ನು ಮೊದಲು ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಆಮೇಲೆ ದೊಡ್ಡ ಬೋಗುಣಿಗೆ ಸುರಿಯುತ್ತಿದ್ದಳು. ಅದು ಅವಳ ಗಂಡ ಶೇಖರನ ರೀತಿ. ಹೊಸ್ತಿಲ ಬಳಿ ಅತ್ತೆ ಆಶಮ್ಮ ಪಾಲಕ್ ಸೋಸುತ್ತ ಕೂತಿದ್ದಳು.

"ಈಸ್ಟರ್ ನಾಷ್ಟಾ ಅವನ ಕೆಲಸ. ನೀ ಯಾಕ ಮಾಡಾಕತ್ತೀ?"

"ಮತ್ತ ಯಾರು ಮಾಡಬೇಕ್ರೀ ಅತ್ತಿ?"

"ಬಂದು ಅವನೇ ಮಾಡ್ತಾನ."

ಅನ್ನಮ್ಮ ಇನ್ನೊಂದು ತತ್ತಿ ಒಡೆದಳು. ಅಂಗಳದ ಗೋಡೆಗೆ ಒರಗಿಸಿಟ್ಟಿದ್ದ ತಾಂಡೂರು ಕಲ್ಲು ಅಡುಗೆಮನೆಯಿಂದಲೇ ಕಾಣುತ್ತಿತ್ತು. ಅದರ ಮೇಲೆ ಶಿಲುಬೆ, ಶೇಖರನ ಹೆಸರು, ಎರಡು ಇಸವಿ ಕೆತ್ತಿಸಿದ್ದರು. ಕಲ್ಲು ಮನೆಗೆ ಬಂದ ದಿನವೇ ಆಶಮ್ಮ ಅಕ್ಷರಗಳನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದಳು.

ದುಬೈಯ ಒಂದು ಗ್ರೀಕ್ ಹೋಟೆಲಿನ ಅಡುಗೆಮನೆಯಲ್ಲಿ ಕೆಲವು ವರ್ಷ ದುಡಿದು ತನ್ನೂರು ಮಕ್ತಲ್‌ಗೆ ಮರಳಿದ್ದ ಶೇಖರ್ ಬಸ್ ನಿಲ್ದಾಣದ ಹತ್ತಿರ ಟಿಫಿನ್ ಸೆಂಟರ್ ಇಟ್ಟಿದ್ದ. ಕಳೆದ ಆಗಸ್ಟ್‌ನಲ್ಲಿ ಮೀನು ತರಲು ಪುಟ್ಟಿ ಹತ್ತಿ ಕೃಷ್ಣೆ ದಾಟಲು ಹೋದ. ಗದ್ವಾಲ್ ಕಡೆಯ ದಂಡೆಯಲ್ಲಿ ಆ ಬಿದಿರಿನ ತೆಪ್ಪ ಮಗುಚಿಕೊಂಡು ಸಿಕ್ಕಿತು. ಶೇಖರ್ ಸಿಗಲಿಲ್ಲ. ಈಸ್ಟರ್ ದಿನ ಎಲ್ಲರೂ ತಮ್ಮವರ ಸಮಾಧಿಗೆ ಸುಣ್ಣ ಬಳಿದು ಹೂವಿಡುವಾಗ ತನಗೂ ಹೋಗಿ ನಿಲ್ಲಲು ಒಂದು ಜಾಗ ಬೇಕು ಎಂದು ಅನ್ನಮ್ಮ ಪಾಸ್ಟರರನ್ನು ಕೇಳಿದ್ದಳು. ಅವರು ಒಪ್ಪಿದ್ದರು. ಮೊದಲು ಕಲ್ಲು ನೆಟ್ಟು ಆಮೇಲೆ ನಾಷ್ಟಾ ಎಂದು ನಿಶ್ಚಯವಾಗಿತ್ತು. ನಸುಕಿನ ಆರಾಧನೆ ಮುಗಿಸಿ ಎಲ್ಲರೂ ಮನೆಗೆ ಬಂದರೂ ಮೈದುನ ಸುರೇಂದರ್ ಗುಂಡಿ ತೋಡಲು ಸಮಾಧಿ ತೋಟದಲ್ಲೇ ಉಳಿದಿದ್ದ.

"ಹೆಣ ಇಲ್ಲದ ಗೋರಿ," ಎಂದಳು ಆಶಮ್ಮ ಸೊಪ್ಪಿಗೆ ಹೇಳುವಂತೆ. "ಯಾರನ್ನ ಮುಚ್ತೀರಿ ಅದರಾಗ?"

ಅನ್ನಮ್ಮ ಟ್ರೇಗೆ ಎಣ್ಣೆ ಸವರಿದಳು. ಬಾಡಿಸಿದ ಪಾಲಕ್, ಉಳ್ಳಾಗಡ್ಡಿ, ಟೊಮ್ಯಾಟೊ ಹರಡಿದಳು. ಶೇಖರ್ ದುಬೈಯಲ್ಲಿ ಕಲಿತು ಬಂದ ಈ ತತ್ತಿ ತಿನಿಸಿಗೆ ಬೇಕಾದ ಗ್ರೀಕರ ಉಪ್ಪು ಚೀಸ್ ಇಲ್ಲಿ ಸಿಗದು. ಅವನು ಪನೀರನ್ನು ಹಿಂದಿನ ದಿನವೇ ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದ; ಅವಳೂ ಹಾಗೇ ನೆನೆಸಿಟ್ಟಿದ್ದನ್ನು ಉದುರಿಸಿದಳು. ಆಲಿವ್ ಬದಲು ಉಪ್ಪಿನಲ್ಲಿಟ್ಟ ಹುಳಿ ಕವಳಿಕಾಯಿ. ಅವನೇ ಹಾಕಿಟ್ಟ ಭರಣಿ ಇನ್ನೂ ಅರ್ಧ ಇತ್ತು. ತತ್ತಿ ಸುರಿದು ಮೇಲೆ ಕವಳಿಕಾಯಿಯನ್ನು ಅಂಚಿನಿಂದ ಅಂಚಿಗೆ ಸಾಲಾಗಿ ಜೋಡಿಸಿದಳು.

ಕಾಂತೇಶನ ಬೇಕರಿ ಎರಡು ಓಣಿ ಆಚೆ. ಮುಂಜಾನೆಯ ಬ್ರೆಡ್ ಇಳಿದ ಮೇಲೆ ಕ್ರಿಸ್‌ಮಸ್‌ಗೂ ಈಸ್ಟರ್‌ಗೂ ಅವನು ಬಟ್ಟಿಯನ್ನು ಚರ್ಚಿನವರಿಗೆ ಬಿಟ್ಟುಕೊಡುತ್ತಿದ್ದ. ಲಿಂಗ ಕಟ್ಟಿದವನಾದ್ದರಿಂದ ತತ್ತಿಯ ಟ್ರೇ ಮುಟ್ಟುತ್ತಿರಲಿಲ್ಲ. ತಂದವರೇ ಬೇರೆ ಹಲಗೆಯಿಂದ ಒಳಗೆ ತಳ್ಳಬೇಕು, ತಂದವರೇ ಎಳೆಯಬೇಕು. ಹೊತ್ತು ಹೇಳುವುದಷ್ಟೇ ಅವನ ಪಾಲು.

"ಶೇಖರಣ್ಣ ಇದ್ದಾಗ ತತ್ತಿ ವಾಸನಿಗೆ ನಮ್ಮವ್ವ ಮೂಗು ಮುಚ್ಕೊಂಡು ಬೈತಿದ್ಲು," ಎಂದು ಕಾಂತೇಶ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಅರ್ಧ ತಾಸು ಬಿಟ್ಟು ಬಾ ಅಕ್ಕ."

ಅನ್ನಮ್ಮ ಉದ್ದ ಹಿಡಿಕೆಯ ಹಲಗೆಯಿಂದ ಟ್ರೇ ತಳ್ಳಿ, ಮನೆಗೆ ಹೋಗಿ ಅಂಗಳ ಗುಡಿಸಿ, ತಟ್ಟೆಗಳನ್ನು ತೊಳೆದಿಟ್ಟು ಮರಳಿ ಬಂದಳು. ಕಾಂತೇಶ ಬಟ್ಟಿಗೆ ಬೆನ್ನು ಮಾಡಿ ಗೂಡುಗಳಲ್ಲಿ ಬ್ರೆಡ್ ಜೋಡಿಸುತ್ತಿದ್ದ.

"ಆಯ್ತೇನಣ್ಣ?"

"ಆಗಲೇ ಆಗಿತ್ತು. ನಿಮ್ಮ ಮನಿಯವರೇ ಬಂದು ಇನ್ನಷ್ಟು ಹೊತ್ತು ಇರಲಿ, ಮ್ಯಾಲೆ ಕರ್ರಗಾಗಲಿ ಅಂದ್ರಲ್ಲ, ಅದಕ್ಕ ಬಿಟ್ಟೆ."

"ಯಾರು ಬಂದಿದ್ರು?"

"ಸುರೇಂದರ್."

"ಸುರೇಂದರ್ ಸಮಾಧಿ ತೋಟದಾಗ ಅದಾನ."

ಕಾಂತೇಶನ ಕೈಯಲ್ಲಿದ್ದ ಬ್ರೆಡ್ ಅಲ್ಲೇ ನಿಂತಿತು. "ನಾ ಹಿಂಗೇ ಬೆನ್ನು ಮಾಡಿ ನಿಂತಿದ್ದೆ. ಹಲಗಿ ಎಳೆದ ಸಪ್ಪಳ ಕೇಳ್ತು. ಮತ್ತ ತಳ್ಳಿದ ಸಪ್ಪಳ ಕೇಳ್ತು. ಕರ್ರಗಾಗಲಿ ಕಾಂತೇಶ ಅಂದ್ರು. ಪ್ರತಿ ವರ್ಷ ಕೇಳೋ ಮಾತು, ತಿರುಗಿ ನೋಡಬೇಕು ಅನ್ನಿಸಲೇ ಇಲ್ಲ." ಅವನು ಕೊರಳ ಲಿಂಗದ ಮೇಲೆ ಕೈ ಇಟ್ಟುಕೊಂಡ. "ಪ್ರತಿ ವರ್ಷ ಹಂಗಂತಿದ್ದವರು ಯಾರು ಅಕ್ಕ?"

ಅನ್ನಮ್ಮ ಹಲಗೆ ತೆಗೆದುಕೊಂಡು ಟ್ರೇ ಎಳೆದಳು. ಮೇಲ್ಭಾಗ ಶೇಖರ್ ಬಯಸುತ್ತಿದ್ದಷ್ಟೇ ಕಪ್ಪಾಗಿತ್ತು. ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿ, ಓಣಿಯಲ್ಲಿ ಯಾರನ್ನೂ ಮಾತಾಡಿಸದೆ ನಡೆದಳು. ಬಿಸಿಲು ಏರುತ್ತಿತ್ತು. ಹಿಂದೆ ಹೆಜ್ಜೆಯ ಸದ್ದಿರಲಿಲ್ಲ. ಇಲ್ಲ ಎಂಬುದನ್ನು ಅವಳು ಎರಡು ಸಲ ಖಚಿತಪಡಿಸಿಕೊಂಡಳು.

ಮನೆಯಲ್ಲಿ ಬಟ್ಟೆ ಬಿಚ್ಚಿದಾಗ ಕಂಡಿತು. ಟ್ರೇಯ ಬಾಗಿಲ ಕಡೆಯ ಮೂಲೆಯಲ್ಲಿ, ಒಂದು ಅಂಗೈಯಷ್ಟು ಜಾಗದಲ್ಲಿ, ಒಂದೂ ಕವಳಿಕಾಯಿ ಇರಲಿಲ್ಲ. ಅವು ಕೂತಿದ್ದ ಕಡೆ ಸಣ್ಣ ಗುಳಿಗಳಿದ್ದವು. ಗುಳಿಗಳ ಅಂಚೂ ಉಳಿದ ಭಾಗದಂತೆಯೇ ಕಪ್ಪಾಗಿತ್ತು, ಕರ್ರಗಾಗುವ ಮೊದಲೇ ಬಟ್ಟಿಯ ಬಳಿ ಅವನ್ನು ತೆಗೆದಂತೆ.

ಅವಳು ತಟ್ಟೆ ತರುವಷ್ಟರಲ್ಲಿ ಆಶಮ್ಮ ಆ ಮೂಲೆಯನ್ನೇ ಕೈಯಿಂದ ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

"ನನ್ನ ಮೂಲಿ ನೆನಪಿಟ್ಟಿ ನೋಡು," ಎಂದಳು, ಎಷ್ಟೋ ತಿಂಗಳ ಮೇಲೆ ಮೆತ್ತಗಿನ ದನಿಯಲ್ಲಿ. "ಹುಳಿ ಕಚ್ಚಿದ್ರ ಹಲ್ಲು ಜುಮ್ ಅಂತಾವ ಅಂತ ಅವನು ಒಂದು ವರ್ಷನೂ ಬಿಡದ ಈ ಮೂಲಿ ಖಾಲಿ ಬಿಡ್ತಿದ್ದ. ನಿನಗ ಗೊತ್ತಿರಲಿಕ್ಕಿಲ್ಲ ಅಂದ್ಕಂಡಿದ್ದೆ."

ಅನ್ನಮ್ಮನಿಗೆ ಗೊತ್ತಿರಲಿಲ್ಲ. ಅವಳು ಗಂಡ ಮಾಡಿದ್ದನ್ನು ತಿಂದಿದ್ದಳು. ಯಾವ ಮೂಲೆ ಯಾರ ತಟ್ಟೆಗೆ ಹೋಗುತ್ತದೆ ಎಂದು ನೋಡಿದವಳಲ್ಲ.

ಸುರೇಂದರ್ ಮೊಳಕಾಲವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಅಂಗಳಕ್ಕೆ ಬಂದ. "ವದಿನಾ," ಎಂದು ಅತ್ತಿಗೆಯನ್ನು ಕರೆದ. "ಗುಂಡಿ ಆಯ್ತು. ಪಾಸ್ಟರ್ ಅಲ್ಲೇ ನಿಂತಾರ. ಆಟೋನೂ ತಂದೀನಿ, ಕಲ್ಲು ಎತ್ತೂನು?"

"ನೀ ಬೇಕರಿಗೆ ಹೋಗಿದ್ದೇನು?"

"ಗುಂಡಿ ಯಾರು ತೋಡ್ತಾರ ಮತ್ತ, ನಿಮ್ಮ ಕಾಂತೇಶಣ್ಣನೇನು?"

ಆಶಮ್ಮ ಅಗಿಯುವುದನ್ನು ನಿಲ್ಲಿಸಿ ಸೊಸೆಯ ಕಡೆ ನೋಡಿದಳು. ಅನ್ನಮ್ಮ ಟ್ರೇಯ ಮುಂದೆ ಕೂತು ಪಾಲು ಮಾಡತೊಡಗಿದಳು.

"ಗುಂಡಿ ಮುಚ್ಚಿ ಬಾ," ಎಂದಳು.

"ಏನಂದಿ?"

"ಮುಚ್ಚಿ ಬಾ. ಪಾಸ್ಟರರನ್ನ ನಾಷ್ಟಾಕ್ಕ ಕರಕೊಂಡು ಬಾ. ತಣ್ಣಗಾಗ್ತೈತಿ."

ಸುರೇಂದರ್ ತಾಯಿಯನ್ನು ನೋಡಿದ, ಕಲ್ಲನ್ನು ನೋಡಿದ, ಏನೋ ಗೊಣಗುತ್ತ ಆಟೋ ತಿರುಗಿಸಿಕೊಂಡು ಹೋದ.

ಅನ್ನಮ್ಮ ನಾಲ್ಕು ತಟ್ಟೆ ಸಾಲಾಗಿಟ್ಟಳು. ಎದ್ದುಹೋಗಿ ಐದನೆಯದನ್ನೂ ತಂದಳು. ಹೆಚ್ಚು ಕಪ್ಪಾದ ಪಾಲನ್ನು ಅದಕ್ಕೆ ಹಾಕಿ, ಮೇಲೊಂದು ತಟ್ಟೆ ಬೋರಲು ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಪಾಸ್ಟರ್ ಬಂದು ಉಂಡುಹೋದರು. ಸುರೇಂದರ್ ಮೈ ತೊಳೆದುಕೊಂಡು ಮಲಗಿದ. ಮಧ್ಯಾಹ್ನ ಅನ್ನಮ್ಮ ಪಾತ್ರೆಗಳನ್ನು ತೊಳೆದು ಒಂದೊಂದಾಗಿ ಬೋರಲು ಹಾಕಿದಳು. ಕೊನೆಗೆ ಕಿಟಕಿಯ ಕಟ್ಟೆಯ ಹತ್ತಿರ ಹೋಗಿ ಮುಚ್ಚಿದ ತಟ್ಟೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಆ ಕಿಟಕಿಗೆ ಬಿಸಿಲು ಬೀಳುವುದು ಸಂಜೆಗೆ ಮಾತ್ರ. ಅವಳು ತಟ್ಟೆ ಎತ್ತಲಿಲ್ಲ. ಅಂಗೈ ತೆಗೆಯಲೂ ಇಲ್ಲ.