ನಾರಿನ ಪುಡಿಯ ಬಾಯಾರಿಕೆ

ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಅವನು ದೊಡ್ಡಪ್ಪ. ಮೂವತ್ತೊಂದು ವರ್ಷದಿಂದ ಗಾಜಿನ ಮನೆಯಲ್ಲಿ ಬೀಜ ಮೊಳೆಸುವುದೇ ಅವನ ಕೆಲಸ. ಜೌಗು ನೆಲದಿಂದ ಅಗೆದು ತರುವ ಪೀಟ್ ಎಂಬ ಕಪ್ಪು ಹುಡಿಯನ್ನು ಬಿಟ್ಟರೆ ಬೇರೆ ಯಾವುದರ ಮೇಲೂ ಅವನಿಗೆ ನಂಬಿಕೆಯಿಲ್ಲ, ಮನುಷ್ಯರ ಮೇಲಂತೂ ಮೊದಲೇ ಇಲ್ಲ. ಹೀಗಿರುವಾಗ, ಈಗ ನರ್ಸರಿ ನಡೆಸುತ್ತಿರುವ ಅವನ ತಮ್ಮನ ಮಗಳು ಒಂದು ಬೆಳಿಗ್ಗೆ ಇಟ್ಟಿಗೆಯಂಥದ್ದೇನನ್ನೋ ಬಕೆಟ್ಟಿಗೆ ಹಾಕಿ ನೀರು ಹೊಯ್ದಳು. ಅದು ಉಬ್ಬಿ ಉಬ್ಬಿ ಹೊರಗೆ ಚೆಲ್ಲಿತು.

"ತೆಂಗಿನ ನಾರಿನ ಪುಡಿ, ದೊಡ್ಡಪ್ಪ. ಜೌಗು ಅಗೆದ್ರೆ ಮತ್ತೆ ತುಂಬೋಕೆ ಸಾವಿರಾರು ವರ್ಷ ಬೇಕು. ಇನ್ಮೇಲೆ ಬೀಜ ಇದರಲ್ಲೇ."

"ಕಾಲೊರಸು ಮಾಡೋ ವಸ್ತು ಇದು. ಇದರಲ್ಲಿ ಟೊಮೇಟೊ ಬೆಳೀತೀಯಾ?"

ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಅವನದೊಂದು ಟ್ರೇ ಪೀಟ್‌ನಲ್ಲಿ, ಅವಳದೊಂದು ನಾರಿನ ಪುಡಿಯಲ್ಲಿ. ಒಬ್ಬರ ಟ್ರೇ ಇನ್ನೊಬ್ಬರು ಮುಟ್ಟುವಂತಿಲ್ಲ. ಮೂರು ವಾರದ ಮೇಲೆ ಯಾರ ಸಸಿ ಚೆನ್ನಾಗಿದೆಯೋ ಗಾಜಿನ ಮನೆಯಲ್ಲಿ ಅವರ ಮಾತೇ ಕೊನೆ. ಸೋತರೆ ದೊಡ್ಡಪ್ಪ ಬೀಜದ ಕೆಲಸ ಬಿಟ್ಟು ನರ್ಸರಿಯ ಮುಂಭಾಗದ ಅಂಗಡಿಯಲ್ಲಿ ಕುಂಡ ಮಾರಬೇಕು. ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಸುಖ.

ಎರಡೂ ಟ್ರೇಗಳಲ್ಲಿ ಒಂದೇ ದಿನ ಮೊಳಕೆ ಬಂತು. ದೊಡ್ಡಪ್ಪ ಮೂಗು ಮುರಿದ. ಎಂಟನೆಯ ದಿನ ನೋಡಿದರೆ ಅವಳ ಟ್ರೇಯ ಮೇಲ್ಭಾಗ ಬಿಳಿಚಿಕೊಂಡಿತ್ತು. ಪೀಟ್ ಬಿಳಿಚಿಕೊಂಡರೆ ನೀರು ಹಾಕಬೇಕು. ಇಷ್ಟು ವರ್ಷ ಅವನು ಆ ಬಣ್ಣ ನೋಡಿಯೇ ಕೆಲಸ ಮಾಡಿದವನು. ಹುಡುಗಿ ಮಾತ್ರ ಒಮ್ಮೆ ನೋಡಿ ಗೊಬ್ಬರ ತರಲು ಹೊರಟೇಹೋದಳು.

ಸಾಯಲಿ, ನನಗೇನು ಅಂದುಕೊಂಡ. ಆದರೂ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಬೆರಳುದ್ದವೂ ಇಲ್ಲದ ಸಸಿಗಳಿಗೆ ದೊಡ್ಡವರ ಜಗಳ ಏನು ಗೊತ್ತು? ಅತ್ತಿತ್ತ ನೋಡಿ ಕ್ಯಾನಿನಿಂದ ಒಂದಿಷ್ಟು ನೀರು ಹನಿಸಿದ. ಮರುದಿನ ಮತ್ತೆ ಬಿಳಿಚಿತ್ತು, ಮತ್ತೆ ಹನಿಸಿದ. ಗೆಲ್ಲಬೇಕಾದವನೇ ಎದುರಾಳಿಗೆ ಕದ್ದು ನೀರುಣಿಸುತ್ತಿದ್ದ. ಇಂಥ ದಡ್ಡತನಕ್ಕೆ ದೊಡ್ಡಪ್ಪನೇ ಬೇಕು.

ಎರಡನೇ ವಾರ ಮುಗಿಯುವಷ್ಟರಲ್ಲಿ ಅವಳ ಸಸಿಗಳು ಬುಡ ಕೊಳೆತು ಸಾಲಾಗಿ ಮಲಗಿದವು.

"ನೀವು ಹೇಳಿದ್ದೇ ಸರಿ, ದೊಡ್ಡಪ್ಪ," ಎಂದಳು ಹುಡುಗಿ. "ಪೀಟ್‌ಗೇ ಆರ್ಡರ್ ಹೇಳಿಬಿಡ್ತೀನಿ." ಫೋನ್ ಕೈಗೆತ್ತಿಕೊಂಡಳು.

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಗಾಜಿನ ಮನೆ ಅವನದೇ. ಆದರೆ ಅವಳ ಮುಖ ಸಣ್ಣದಾದದ್ದು ನೋಡಿ ಅವನು ಫೋನಿಗೆ ಕೈ ಅಡ್ಡ ಹಿಡಿದ.

"ಫೋನ್ ಇಡು. ನಾನೇ ಕೊಂದಿದ್ದು. ದಿನಾ ನೀರು ಹಾಕ್ದೆ."

ಅವಳು ಟ್ರೇಯೊಳಗೆ ಬೆರಳು ಇಳಿಸಿದಳು. ಕೆಳಗೆಲ್ಲ ಪಿಚಪಿಚ. "ಇದು ಮೇಲೆ ಮಾತ್ರ ಒಣಗೋದು, ಒಳಗೆ ಒದ್ದೆ ಇರುತ್ತೆ. ನನ್ನ ಸೋಲಿಸೋಕೆ ಹಾಕಿದ್ರಾ?"

"ಸೋಲಿಸೋಕಾಗಿದ್ರೆ ಸುಮ್ನಿರ್ತಿದ್ದೆ." ಅವನು ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿದ. "ನಿನ್ನ ಟ್ರೇ ಮುಟ್ಟಿದ್ಮೇಲೆ ಸೋತಿದ್ದು ನಾನೇ. ಕುಂಡ ಎಲ್ಲಿ ಜೋಡಿಸಿದೀಯ?"

"ಇಲ್ಲಿ ಈಗ ನನ್ನ ಮಾತೇ ಕೊನೆ ತಾನೆ? ನಿಮ್ಮನ್ನ ಅಂಗಡೀಲಿ ನಿಲ್ಲಿಸಿದ್ರೆ ಇರೋ ಗಿರಾಕೀನೂ ಓಡಿಹೋಗ್ತಾರೆ. ಬನ್ನಿ."

ನಾರಿನ ಪುಡಿ ತುಂಬಿ ಹೊಸದಾಗಿ ಬಿತ್ತಿದ ಟ್ರೇಯನ್ನು ಮೂರನೇ ದಿನ ಅವನ ಕೈಗಿಟ್ಟಳು. "ಕಣ್ಣು ಮುಚ್ಚಿ, ತೂಕ ನೋಡಿ. ಹಗುರ ಅನ್ಸಿದ್ರೆ ಮಾತ್ರ ನೀರು."

ದೊಡ್ಡಪ್ಪ ಕಣ್ಣು ಮುಚ್ಚಿ ಟ್ರೇಯನ್ನು ಮೇಲೆ ಕೆಳಗೆ ತೂಗಿ ನೋಡಿದ.

"ಭಾರ ಇದೆ. ನೀರು ಬೇಡ," ಅಂದ. ಒಂದು ಕಣ್ಣು ತೆರೆದು, "ಒಂದೇ ಒಂದು ಹನಿ?"

"ದೊಡ್ಡಪ್ಪ."

"ಆಯ್ತು, ಬಿಡು."