ಹೆಬ್ಬೆರಳಿಗೆ ವೋಟಿಲ್ಲ

ನಾನು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಗೆದ್ದ ಒಂದೇ ಒಂದು ಫೈನಲ್‌ನ ಸ್ಕೋರು ಮೂವತ್ತೊಂದು–ಇಪ್ಪತ್ತೊಂಬತ್ತು. ಕೊನೆಯ ನಾಲ್ಕು ನಿಮಿಷ ನಾನು ಮಾಡಿದ್ದು ಚೆಂಡನ್ನು ಸೊಂಟದ ಪಕ್ಕ ತಟ್ಟುತ್ತ ನಿಂತದ್ದು, ಅಷ್ಟೆ. ಮೂವತ್ತು ಸೆಕೆಂಡಿನ ಗಡುವು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಚೆಂಡನ್ನು ಬುಟ್ಟಿಯತ್ತ ಎಸೆಯುತ್ತಿದ್ದರು. ಅದು ರಿಂಗಿಗೆ ಬಡಿದು ಹೊರಗೆ ಬರುತ್ತಿತ್ತು, ನಮ್ಮವಳೇ ಒಬ್ಬಳು ಉದ್ದನೆಯ ಹುಡುಗಿ ಹಿಡಿಯುತ್ತಿದ್ದಳು, ಗಡಿಯಾರ ಮತ್ತೆ ಮೂವತ್ತಕ್ಕೆ ಏರುತ್ತಿತ್ತು, ನಾನು ಮತ್ತೆ ತಟ್ಟುತ್ತ ನಿಲ್ಲುತ್ತಿದ್ದೆ. ಗ್ಯಾಲರಿಯಲ್ಲಿ ಕೂತಿದ್ದ ನನ್ನ ಸೋದರತ್ತೆ ಆ ಪಂದ್ಯದಲ್ಲಿ ಸ್ವೆಟರಿನ ಒಂದು ತೋಳು ಪೂರ್ತಿ ಹೆಣೆದು ಮುಗಿಸಿದಳು. ಕಪ್ ತೋರಿಸಲು ಹೋದರೆ, "ಚೆನ್ನಾಗಿತ್ತು ಕಣೆ. ಇನ್ನೊಂದು ಮ್ಯಾಚ್ ಇದ್ದಿದ್ರೆ ಎರಡನೇ ತೋಳೂ ಆಗ್ಬಿಡ್ತಿತ್ತು" ಎಂದಳು.

ಆ ಮಾತು ಐದು ವರ್ಷ ಕಿವಿಯೊಳಗೇ ಕೂತಿತ್ತು. ಆಟ ಬಿಟ್ಟು ರೆಫರಿಯಾದ ಮೇಲೆ ಒಂದು ಭಾನುವಾರ ಕೂತು ಕಾಲೇಜು ಲೀಗಿನ ನಿಯಮ ಸಮಿತಿಗೆ ಒಂದು ಪತ್ರ ಬರೆದೆ. ಮೂವತ್ತು ಸೆಕೆಂಡನ್ನು ಇಪ್ಪತ್ನಾಲ್ಕಕ್ಕೆ ಇಳಿಸಿ. ತಪ್ಪಿದ ಚೆಂಡನ್ನು ಅದೇ ತಂಡ ಮತ್ತೆ ಹಿಡಿದರೆ ಪೂರ್ತಿ ಸಮಯ ಕೊಡಬೇಡಿ, ಹದಿನಾಲ್ಕು ಸಾಕು. ಚೆಂಡು ಇರುವವಳ ಮೈಮೇಲೆ ಕೈ ಇಟ್ಟರೆ ಫೌಲ್, ಮೊದಲ ನಿಮಿಷವಾದರೂ ಕೊನೆಯ ನಿಮಿಷವಾದರೂ. ಆಟ ನಡೆಯುತ್ತಿರುವಾಗ ಕೋಚ್ ಹೊರಗಿನಿಂದ ಟೈಮ್‌ಔಟ್ ಕೂಗುವಂತಿಲ್ಲ. ಬೇಕಾದರೆ ಆಡುವವಳೇ ಕೇಳಲಿ.

ಸಮಿತಿಯಲ್ಲಿ ಏಳು ಜನ. ಮೂವರು ಹೌದೆಂದರು, ಮೂವರು ಬೇಡವೆಂದರು. ಬೇಡವೆಂದವರ ಮುಂದಾಳು ನನ್ನದೇ ಹಳೆಯ ಕೋಚ್. ಎದುರಾಳಿಗೆ ಬುಟ್ಟಿಯ ದಾರಿಯೇ ಸಿಗದಂತೆ ಮಾಡುವುದರಲ್ಲಿ ಅವರು ನಿಸ್ಸೀಮರು. ಹಾಗಾಗಿ ಲೀಗಿನ ತುಂಬ ಅವರನ್ನು ಕರೆಯುವುದೇ ಬೀಗ ಎಂದು. ಏಳನೆಯವರು ಸಮಿತಿಯ ಕಾರ್ಯದರ್ಶಿ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಸ್ವಭಾವದಲ್ಲಿ ಅಡ್ಡಗೋಡೆಯ ಮೇಲಿನ ದೀಪ. "ಒಂದು ಮ್ಯಾಚ್ ಆಡಿಸಿ ನೋಡೋಣ, ಆಮೇಲೆ ನನ್ನ ವೋಟು" ಎಂದರು.

"ಬರೆದವಳೇ ಸೀಟಿ ಊದಲಿ" ಎಂದರು ಬೀಗ. "ಹೆತ್ತವರಿಗೆ ಹೆಗ್ಗಣ ಮುದ್ದು. ಊದಿ ಊದಿ ಅವಳಿಗೇ ಸಾಕಾಗುತ್ತೆ."

ಪಂದ್ಯ ಶನಿವಾರ ಮಧ್ಯಾಹ್ನಕ್ಕೆ, ನಮ್ಮ ಕಾಲೇಜಿನ ಹಾಲಿನಲ್ಲೇ ಎಂದು ನಿಗದಿಯಾಯಿತು. ಹಾಗೆಂದರೆ ಗಡಿಯಾರದ ಮುಂದೆ ಕೂರುವವರು ಅಪ್ಪ.

ಅಪ್ಪ ಕಾಲೇಜಿನ ಎಲೆಕ್ಟ್ರಿಷಿಯನ್. ಬುಟ್ಟಿಯ ಮೇಲೆ ಸೆಕೆಂಡು ತೋರಿಸುವ ಎರಡು ಬೋರ್ಡುಗಳನ್ನು ಇಪ್ಪತ್ತಾರು ವರ್ಷಗಳ ಹಿಂದೆ ಬೆಸುಗೆ ಹಾಕಿ ಕಟ್ಟಿದವರು ಅವರೇ. ಅವತ್ತಿನಿಂದ ಪ್ರತಿ ಪಂದ್ಯಕ್ಕೂ ಅವುಗಳ ಕಂಟ್ರೋಲ್ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಮೇಜಿನ ಹಿಂದೆ ಕೂತಿದ್ದಾರೆ. ಡಬ್ಬಿಯಲ್ಲಿ ಒಂದೇ ಕಪ್ಪು ಗುಂಡಿ ಇತ್ತು. ಅದನ್ನು ಒತ್ತಿದರೆ ಪೂರ್ತಿ ಸಮಯ. ನನ್ನ ಪತ್ರದ ದೆಸೆಯಿಂದ ಅವರು ಕಪ್ಪು ಗುಂಡಿಯನ್ನು ಇಪ್ಪತ್ನಾಲ್ಕಕ್ಕೆ ತಿರುಗಿಸಿ, ಎಡಗಡೆ ಇನ್ನೊಂದು ತೂತು ಕೊರೆದು ಹದಿನಾಲ್ಕಕ್ಕೊಂದು ಗುಂಡಿ ಕೂರಿಸಿದರು. ಮೇಲೆ ಕೆಂಪು ಟೇಪು ಸುತ್ತಿದರು.

ಒಂದು ವಾರ ಊಟದ ಮೇಜಿನ ಮೇಲೆ ತಾಲೀಮು ನಡೆಯಿತು. ನಾನು ತಟ್ಟೆ ತೊಳೆಯುತ್ತ ಕೂಗಬೇಕು, ಅಪ್ಪ ಒತ್ತಬೇಕು.

"ಹೊಡೆದಳು, ರಿಂಗಿಗೆ ತಾಗ್ತು, ಎದುರಾಳಿ ಹಿಡಿದಳು."

"ಕಪ್ಪು."

"ಹೊಡೆದಳು, ತಾಗ್ತು, ಅದೇ ಟೀಮು ಹಿಡೀತು."

"ಕಪ್... ಕೆಂಪು, ಕೆಂಪು."

"ಅಪ್ಪಾ!"

"ಗೊತ್ತಾಯ್ತು ಮಾರಾಯ್ತಿ. ತಲೆಗೆ ಗೊತ್ತಾಗಿದೆ. ಹೆಬ್ಬೆರಳಿಗೆ ಸುದ್ದಿ ಹೋಗೋಕೆ ಸ್ವಲ್ಪ ಟೈಮ್ ಬೇಕು."

ಹೊಸ ನಿಯಮ ಅವರಿಗೆ ಇಷ್ಟವೋ ಇಲ್ಲವೋ ಎಂದು ಕೇಳಿದೆ. "ಆಟ ನಿಮ್ಮದು, ಗಡಿಯಾರ ನನ್ನದು" ಎಂದರು. ಮುಂದಿನ ವರ್ಷ ನಿವೃತ್ತಿಯಾದ ಮೇಲೂ ಆ ಕುರ್ಚಿಯಲ್ಲಿ ಕೂರಲು ಬಿಡುತ್ತಾರಾ ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿದ್ದು ನನಗೆ ಗೊತ್ತಿತ್ತು. ಕೇಳಿದ್ದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಶನಿವಾರ ಹಾಲ್ ತುಂಬಿತ್ತು. ಬೀಗರ ತಂಡ ಕೆಂಪು, ಎದುರಾಳಿ ನೀಲಿ. ಡಾಕ್ಟರು ಮೇಜಿನ ತುದಿಯಲ್ಲಿ ಕೂತು ಆಟ ನಿಂತಾಗಲೆಲ್ಲ ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದರು. ಮೂರನೇ ಸಾಲಿನಲ್ಲಿ ಅತ್ತೆ, ಕೈಯಲ್ಲಿ ಹಸಿರು ಉಲ್ಲನ್.

ಮೊದಲ ಹತ್ತು ನಿಮಿಷ ಬೀಗರ ಮಾತೇ ನಿಜವಾಯಿತು. ಹುಡುಗಿಯರಿಗೆ ಕೈ ಇಡದೆ ಆಡಿ ಗೊತ್ತೇ ಇರಲಿಲ್ಲ. ಬೆನ್ನ ಮೇಲೊಂದು ಕೈ, ಸೀಟಿ. ಸೊಂಟದ ಮೇಲೊಂದು ಮೊಣಕೈ, ಸೀಟಿ. ಗ್ಯಾಲರಿಯಿಂದ ಯಾರೋ "ಟ್ರಾಫಿಕ್ ಪೊಲೀಸಮ್ಮಾ, ಒಂದು ಗಾಡಿನಾದ್ರೂ ಬಿಡಮ್ಮಾ!" ಎಂದು ಕೂಗಿದರು. ಜೊತೆಗಾರ ರೆಫರಿ, ವಾರವಿಡೀ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಹತ್ತಿರ ಬಂದು "ಸ್ವಲ್ಪ ಕಣ್ಣು ಮುಚ್ಚೋಣ್ವಾ?" ಎಂದ.

"ಮುಚ್ಚಿದ್ರೆ ನಾಳೆನೂ ಕೈ ಇಡ್ತಾರೆ. ಊದು."

ಊದಿದೆವು. ಹನ್ನೊಂದನೇ ನಿಮಿಷದಲ್ಲಿ ನೀಲಿಯ ಒಬ್ಬಳು ಕೈ ಚಾಚಿ, ಏನೋ ನೆನಪಾದವಳಂತೆ ಹಿಂದಕ್ಕೆ ಎಳೆದುಕೊಂಡು, ಪಾದ ಸರಿಸಿ ಅಡ್ಡ ನಿಂತಳು. ಬಿಸಿ ಪಾತ್ರೆಯಿಂದ ಕೈ ತೆಗೆದ ಹಾಗೆ. ಅವಳನ್ನು ನೋಡಿ ಇನ್ನೊಬ್ಬಳು. ಆಮೇಲೆ ಹಾಲಿನ ಸದ್ದೇ ಬದಲಾಯಿತು. ಸೀಟಿ ಕಡಿಮೆಯಾಗಿ ಶೂಗಳ ಕಿರುಚಾಟ ಜಾಸ್ತಿಯಾಯಿತು. ಬೀಗರ ತಂಡದ ಪುಟ್ಟ ಹುಡುಗಿ, ಎಲ್ಲರೂ ಗುಬ್ಬಿ ಎನ್ನುವವಳು, ನನ್ನ ಹಳೆಯ ಜಾಗದಲ್ಲೇ ಆಡುವವಳು, ಇಬ್ಬರು ಉದ್ದನೆಯವರ ನಡುವೆ ನುಗ್ಗಿ ಬುಟ್ಟಿ ಹಾಕಿ ತನಗೇ ಆಶ್ಚರ್ಯವಾದಂತೆ ಹಿಂತಿರುಗಿ ನೋಡಿದಳು. ಮಧ್ಯಂತರದಲ್ಲಿ ಸ್ಕೋರು ಮೂವತ್ತಾರು–ಮೂವತ್ತೈದು. ನನ್ನ ಇಡೀ ಫೈನಲ್‌ಗಿಂತ ಹೆಚ್ಚು.

ನೀರು ಕುಡಿಯಲು ಹೋದಾಗ ಬೀಗ ಪಕ್ಕದಲ್ಲಿ ನಿಂತರು.

"ಸಂತೋಷಾನೇನಮ್ಮಾ?"

"ನೀವು ಒಂದು ಪಾಯಿಂಟ್ ಮುಂದಿದೀರಿ ಸರ್. ನಿಮಗಿಲ್ವಾ?"

"ಇದು ಆಟ ಅಲ್ಲ, ಸಂತೆ. ನಿನಗೆ ತಾಳ್ಮೆ ಕಲಿಸಿದ್ದೆ ನಾನು." ಲೋಟ ಕೆಳಗಿಟ್ಟರು. "ಹೋಗ್ಲಿ. ಕೊನೆಯ ಎರಡು ನಿಮಿಷ ಸೀಟಿ ಜೇಬಿಗೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಆದ್ರೆ ಎಲ್ಲಾ ರೆಫರಿಗೂ ಗೊತ್ತು. ಅಷ್ಟು ಮರ್ಯಾದೆ ಇಟ್ಕೋ."

ನಿಜ, ಅದು ಪದ್ಧತಿ. ಕೊನೆಯ ಎರಡು ನಿಮಿಷ ರೆಫರಿ ಇದ್ದೂ ಇಲ್ಲದಂತಿರಬೇಕು. ಗೆಲುವು ಹುಡುಗಿಯರದ್ದಾಗಬೇಕು, ಸೀಟಿಯದ್ದಲ್ಲ ಎನ್ನುತ್ತಾರೆ. ಆ ಎರಡು ನಿಮಿಷದಲ್ಲಿ ನನ್ನ ಮುಂಗೈಗೆ ಎಷ್ಟು ಸಲ ಉಗುರು ಇಳಿದಿತ್ತೋ ಲೆಕ್ಕವಿಲ್ಲ.

"ನನ್ನ ಪ್ಯಾಂಟಿಗೆ ಜೇಬಿಲ್ಲ ಸರ್" ಎಂದೆ.

ಇಪ್ಪತ್ತೆರಡು ಸೆಕೆಂಡು ಉಳಿದಿದ್ದಾಗ ಕೆಂಪು ಅರವತ್ತಾರು, ನೀಲಿ ಅರವತ್ತೈದು. ಕೆಂಪಿನವರು ಎಸೆದ ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. ಕೆಂಪಿನವಳೇ ಹಿಡಿದು ಗುಬ್ಬಿಗೆ ಕೊಟ್ಟಳು. ಈಗ ಅವರಿಗೆ ಸಿಗಬೇಕಾದ್ದು ಹದಿನಾಲ್ಕು ಸೆಕೆಂಡು. ಅಷ್ಟರೊಳಗೆ ಎಸೆಯಲೇಬೇಕು, ಆಮೇಲೆ ನೀಲಿಗೆ ಎಂಟು ಸೆಕೆಂಡಿನ ಒಂದು ಅವಕಾಶ. ನನ್ನ ಪತ್ರದ ಜೀವ ಇದ್ದದ್ದು ಆ ಎಂಟು ಸೆಕೆಂಡಿನಲ್ಲಿ.

ತಲೆ ಎತ್ತಿ ನೋಡಿದೆ. ಬುಟ್ಟಿಯ ಮೇಲಿನ ಬೋರ್ಡು ಕತ್ತಲಾಗಿತ್ತು.

ಬೋರ್ಡು ಕತ್ತಲಾಗುವುದು ಒಂದೇ ಕಾರಣಕ್ಕೆ: ತಂಡಕ್ಕೆ ಸಿಕ್ಕ ಸಮಯ ಪಂದ್ಯದಲ್ಲಿ ಉಳಿದ ಸಮಯಕ್ಕಿಂತ ಹೆಚ್ಚಿದ್ದಾಗ. ಇಪ್ಪತ್ನಾಲ್ಕು, ಇಪ್ಪತ್ತೆರಡಕ್ಕಿಂತ ಹೆಚ್ಚು. ಅಪ್ಪ ಕಪ್ಪು ಗುಂಡಿ ಒತ್ತಿದ್ದರು.

ಕತ್ತಲೆ ಬೋರ್ಡಿನ ಅರ್ಥ ಗುಬ್ಬಿಗೂ ಗೊತ್ತಿತ್ತು. ಅವಳು ನಿಂತಳು. ಚೆಂಡನ್ನು ಸೊಂಟದ ಪಕ್ಕ ತಟ್ಟತೊಡಗಿದಳು. ನಾನು ನಿಲ್ಲುತ್ತಿದ್ದಂತೆಯೇ, ಅದೇ ಮೂಲೆಯಲ್ಲಿ. ಬೀಗ ತೋಳು ಕಟ್ಟಿ ಮುಗುಳ್ನಕ್ಕರು. ಬ್ಯಾಂಕಿನವನು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ: ಬೇಡ, ಅವರು ನಿನ್ನ ಅಪ್ಪ.

ಇಪ್ಪತ್ತೊಂದು. ಇಪ್ಪತ್ತು. ಊದಿದರೆ ಹಾಲಿನ ನಾನೂರು ಜನ ತಿರುಗಿ ಅಪ್ಪನನ್ನು ನೋಡುತ್ತಾರೆ. ಡಾಕ್ಟರರ ಪುಸ್ತಕದಲ್ಲಿ ಇನ್ನೊಂದು ಗೀಟು ಬೀಳುತ್ತದೆ. ಊದದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಅದೇ ನನಗೆ ಸಿಟ್ಟು ತರಿಸಿತು. ಯಾರಿಗೂ ಏನೂ ಆಗದ ಆಟವನ್ನು ನಾನು ಒಮ್ಮೆ ಗೆದ್ದಿದ್ದೆ.

ಹದಿನೆಂಟರಲ್ಲಿ ಊದಿದೆ.

"ಏನು? ಯಾರು ಮುಟ್ಟಿದ್ರು?" ಬೀಗ ಗೆರೆ ದಾಟಿ ಬಂದರು.

"ಯಾರೂ ಮುಟ್ಟಿಲ್ಲ ಸರ್. ಗಡಿಯಾರ ತಪ್ಪಾಗಿದೆ. ಹದಿನಾಲ್ಕು ಇರಬೇಕಿತ್ತು."

ಅವರು ನನ್ನನ್ನು ಬಿಟ್ಟು ಡಾಕ್ಟರರ ಕಡೆ ತಿರುಗಿದರು. ದನಿ ಕೊನೆಯ ಸಾಲಿನವರೆಗೂ ಕೇಳುವಂತಿತ್ತು. "ನೋಡಿದ್ರಾ? ನಾನು ಹೇಳಿದ್ದು ಇದೇ. ಇಪ್ಪತ್ತಾರು ವರ್ಷ ಒಂದು ಸೆಕೆಂಡು ಆಚೀಚೆ ಮಾಡದ ಮನುಷ್ಯ. ಅವರ ಹೆಬ್ಬೆರಳೇ ಇದನ್ನ ಒಪ್ತಿಲ್ಲ. ಮಗಳ ಕಾಗದಕ್ಕಿಂತ ಅಪ್ಪನ ಬೆರಳಿಗೆ ಆಟ ಚೆನ್ನಾಗಿ ಗೊತ್ತು!"

ಚಪ್ಪಾಳೆ ಬಿತ್ತು. ನಗುವೂ ಬಂತು.

ಅಪ್ಪ ಡಬ್ಬಿಯನ್ನು ತೊಡೆಯಿಂದ ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತರು. ಪಂದ್ಯದ ನಡುವೆ ಅವರು ಎದ್ದು ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಹಾಗೇ ಇತ್ತು.

"ಸರ್, ಹೆಬ್ಬೆರಳಿಗೆ ವೋಟಿಲ್ಲ" ಎಂದರು. "ತಪ್ಪು ಗುಂಡಿ ಒತ್ತಿದ್ದು ನಾನು. ಹದಿನಾಲ್ಕರಲ್ಲಿ ನಾಲ್ಕು ಹೋಯ್ತು, ಹತ್ತು ಉಳೀತು. ಹತ್ತು ಹಾಕಿದೀನಿ. ಚೆಂಡು ಕೊಡಿ, ಮಕ್ಕಳು ಕಾಯ್ತಿದಾರೆ."

ಬೋರ್ಡಿನಲ್ಲಿ ಹತ್ತು ಬೆಳಗಿತು.

ಚೆಂಡು ಒಳಗೆ ಬಂತು. ಗುಬ್ಬಿ ಹಿಡಿದಳು. ಒಂಬತ್ತು. ಎಂಟು. "ಟೈಮ್‌ಔಟ್! ಟೈಮ್‌ಔಟ್ ಕೇಳೇ!" ಬೀಗ ಕಿರುಚಿದರು. ಹಳೆಯ ನಿಯಮದಲ್ಲಾಗಿದ್ದರೆ ಅಷ್ಟೇ ಸಾಕಿತ್ತು, ಆಟ ನಿಲ್ಲುತ್ತಿತ್ತು. ಈಗ ಕೇಳಬೇಕಾದವಳು ಅವಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಗುಬ್ಬಿ ಕೋಚ್ ಕಡೆ ಒಮ್ಮೆ ನೋಡಿದಳು, ಬೋರ್ಡಿನ ಕಡೆ ಒಮ್ಮೆ ನೋಡಿದಳು, ತುಟಿ ಕಚ್ಚಿಕೊಂಡು ನುಗ್ಗಿದಳು. ನೀಲಿಯ ಹುಡುಗಿ ಎರಡೂ ಕೈ ಮೇಲೆತ್ತಿ, ಎಲ್ಲೂ ತಾಗಿಸದೆ ಪಕ್ಕದಲ್ಲೇ ಓಡಿದಳು. ಬೋರ್ಡಿನಲ್ಲಿ ಒಂದು ಸೆಕೆಂಡು ಉಳಿದಿದ್ದಾಗ ಗುಬ್ಬಿ ಎಸೆದಳು. ಬುಟ್ಟಿ. ಅರವತ್ತೆಂಟು–ಅರವತ್ತೈದು.

ನೀಲಿಗೆ ಎಂಟು ಸೆಕೆಂಡು. ಉದ್ದದ ಪಾಸು, ಇನ್ನೊಂದು ಪಾಸು, ಮೂರರ ಗೆರೆಯಿಂದ ಹೊಡೆತ, ಗಂಟೆ ಮೊಳಗುವಾಗ ಚೆಂಡು ಗಾಳಿಯಲ್ಲಿತ್ತು. ಬಿತ್ತು! ಇಡೀ ಹಾಲ್ ಎದ್ದು ನಿಂತಿತು. ಆದರೆ ಅವಳ ಕಾಲಿನ ಹೆಬ್ಬೆರಳಿನ ತುದಿ ಗೆರೆಯ ಮೇಲಿತ್ತು, ನಾನು ನೋಡಿದ್ದೆ. ಮೂರಲ್ಲ, ಎರಡೇ ಪಾಯಿಂಟ್ ಎಂದು ಎರಡು ಬೆರಳು ಎತ್ತಿದೆ. ಅರವತ್ತೆಂಟು–ಅರವತ್ತೇಳು. ಬೀಗರ ತಂಡ ಗೆದ್ದಿತು.

ಗೆದ್ದದ್ದಕ್ಕೆ ಇಷ್ಟು ಸಿಟ್ಟಾದ ಮನುಷ್ಯರನ್ನು ನಾನು ನೋಡಿಲ್ಲ. ಗುಬ್ಬಿ ಓಡಿ ಬಂದು ಕೈ ಚಾಚಿದರೆ, ಕೊಡಲೋ ಬೇಡವೋ ಎಂದು ಯೋಚಿಸಿ, ಎರಡು ಬೆರಳು ಮಾತ್ರ ಕೊಟ್ಟರು.

ವರದಿ ಬರೆಯಲು ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ಕೂತೆವು: ಡಾಕ್ಟರು, ಅಪ್ಪ, ನಾನು. ಗೋಡೆಗೆ ಗಾಳಿ ಹೋದ ಚೆಂಡುಗಳ ಬಲೆ.

"ನೋಡಮ್ಮ, ಆಟ ಚೆನ್ನಾಗಿತ್ತು" ಎಂದರು ಡಾಕ್ಟರು. "ನನ್ನ ವೋಟು ನಿನಗೇ. ಆದ್ರೆ ಗಡಿಯಾರದ ತಪ್ಪನ್ನ ಅವರು ಹಿಡ್ಕೊಂಡು ಜಗ್ತಾರೆ. ಮನುಷ್ಯರ ಕೈಲಿ ಆಗದ ನಿಯಮ ಅಂತಾರೆ. ಅದಕ್ಕೆ ಹೀಗೆ ಬರಿ: ವಯಸ್ಸಾದ ಟೈಂಕೀಪರ್, ಇನ್ನು ಮೇಲೆ ಬೇರೆಯವರನ್ನ ಕೂರಿಸ್ತೀವಿ. ಕೆಟ್ಟ ಹಲ್ಲು ಕಿತ್ತರೆ ನೋವೂ ಹೋಯ್ತು."

"ಸರಿಯಾಗೇ ಹೇಳ್ತಿದಾರೆ" ಎಂದು ಅಪ್ಪ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ದುಂಡಗೆ, ಸ್ವಿಚ್‌ಬೋರ್ಡಿನ ಮೇಲೆ ಹೆಸರು ಬರೆಯುವಷ್ಟೇ ನಿಧಾನವಾಗಿ ಬರೆದರು: ಇಪ್ಪತ್ತೆರಡು ಸೆಕೆಂಡು ಉಳಿದಿದ್ದಾಗ ಟೈಂಕೀಪರ್ ತಪ್ಪು ಗುಂಡಿ ಒತ್ತಿದ. ನಿಯಮದಲ್ಲಿ ತಪ್ಪಿಲ್ಲ. ಟೈಂಕೀಪರನನ್ನು ಬದಲಾಯಿಸಬಹುದು.

ಸಹಿ ಹಾಕಿ ಪೆನ್ನು ನನಗೆ ಕೊಟ್ಟರು. ಮುಖದಲ್ಲಿ ಏನೂ ಇರಲಿಲ್ಲ. ಹೆಬ್ಬೆರಳು ಮಾತ್ರ ಮೇಜಿನ ಅಂಚಿನಲ್ಲಿ ಎಡಕ್ಕೆ, ಎಡಕ್ಕೆ ಒತ್ತುತ್ತಿತ್ತು.

ಮೂರನೇ ವಾಕ್ಯದ ಮೇಲೆ ನಾನು ಗೀಟು ಎಳೆದೆ. ಕೆಳಗೆ ಬರೆದೆ: ಪಂದ್ಯದಲ್ಲಿ ರೆಫರಿಗಳ ತಪ್ಪು ಆರು. ಆಟಗಾರ್ತಿಯರ ತಪ್ಪು ಮೂವತ್ತೆಂಟು. ಟೈಂಕೀಪರರ ತಪ್ಪು ಒಂದು. ಎದ್ದು ನಿಂತು ಒಪ್ಪಿಕೊಂಡವರು ಅವರೊಬ್ಬರೇ. ಅವರನ್ನು ಬದಲಾಯಿಸುವುದಾದರೆ ಮೊದಲು ನನ್ನನ್ನು ಬದಲಾಯಿಸಿ.

"ಇದನ್ನ ಕಳಿಸಿದ್ರೆ ಹೌದು ಅಂದವರಲ್ಲಿ ಒಬ್ಬರು ಜಾರಿ ನಿಯಮ ಬಿದ್ದುಹೋಗಬಹುದು" ಎಂದರು ಡಾಕ್ಟರು.

"ಬಿದ್ರೆ ಮುಂದಿನ ವರ್ಷ ಮತ್ತೆ ಬರೀತೀನಿ. ನಿಮ್ಮ ವೋಟು ಆಟ ನೋಡಿ ಅಂದ್ರಿ. ಆಟ ನೋಡಿದ್ರಲ್ಲ?"

ಅವರು ಕಾಗದವನ್ನು ಎರಡು ಸಲ ಓದಿ, ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು.

ಹೊರಗೆ ಅತ್ತೆ ಕಾಯುತ್ತಿದ್ದಳು. ಉಲ್ಲನ್ ಉಂಡೆ ಬಂದಾಗ ಹೇಗಿತ್ತೋ ಹಾಗೇ ಇತ್ತು. "ಒಂದು ಸಾಲೂ ಆಗ್ಲಿಲ್ಲ ಕಣೆ, ಹಾಳಾದವಳೇ" ಎಂದು ನನ್ನ ಬೆನ್ನಿಗೆ ಗುದ್ದಿದಳು. "ನಿನ್ನ ಗಂಡನಾಗೋನು ಸ್ವೆಟರಿಲ್ಲದೆ ಚಳಿಗೆ ನಡುಗಲಿ."

ಬುಧವಾರ ಡಾಕ್ಟರರ ಫೋನು ಬಂತು. ನಾಲ್ಕಕ್ಕೆ ಮೂರು, ನಿಯಮ ಪಾಸಾಗಿತ್ತು. ಬೀಗ ಕೊನೆಯವರೆಗೂ ಬೇಡವೆಂದೇ ಕೈ ಎತ್ತಿದರಂತೆ. ಆಮೇಲೆ ಒಂದು ಷರತ್ತು ಸೇರಿಸಿದರಂತೆ: ಲೀಗಿನ ಎಲ್ಲ ಟೈಂಕೀಪರುಗಳೂ ಹೊಸದಾಗಿ ಪರೀಕ್ಷೆ ಬರೆಯಬೇಕು. ಪಾಸಾದವರು ಕೂರಬಹುದು, ವಯಸ್ಸು ಎಷ್ಟಾದರೂ ಆಗಲಿ.

ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದರು, ಡಬ್ಬಿ ತೊಡೆಯ ಮೇಲೆ. ವಿಷಯ ಹೇಳಿದೆ.

"ಪರೀಕ್ಷೆ ಎಷ್ಟು ಹೊತ್ತು?"

"ಒಂದು ಗಂಟೆ."

"ತುಂಬಾ ಆಯ್ತು" ಎಂದರು ಅಪ್ಪ. "ಅರ್ಧ ಗಂಟೆ ಮಾಡಿ ಅಂತ ಒಂದು ಕಾಗದ ಬರಿ. ಹೂಂ, ಕೂಗು ಈಗ. ಹೊಡೆದಳು, ತಾಗ್ತು, ಯಾರು ಹಿಡಿದ್ರು?"